ಬಿತ್ತದ ಅಕ್ಕಡಿ ಸಾಲು

ಮಖೆ ಮಳೆ ಬಿದ್ದ ಮೂರನೆಯ ದಿನ ನನ್ನ ಅಜ್ಜಿ ಬೆಟ್ಟಮ್ಮ ಗುಡಾಣದ ಬಾಯಿ ಬಿಚ್ಚಿ, ಬೂದಿಯೊಳಗೆ ಮೊಣಕೈವರೆಗೆ ಕೈಯಿಳಿಸಿ, ಅವರೆಬೀಜ ತೆಗೆದು ನನ್ನ ವೇಲಿಗೆ ಸುರಿದಳು.

"ಗಟ್ಟಿಯಾಗಿ ಇಡ್ಕ ಮಗಾ. ನಿಮ್ಮಪ್ಪಂಗೆ ಹೇಳು, ಏಳು ಸಾಲು ರಾಗಿ ಆದ್ಮೇಲೆ ಒಂದು ಸಾಲು ಅಕ್ಕಡಿಗೆ ಬುಡ್ಬೇಕಂತೆ ಅಂತ. ಬೀಜ ನೀನೇ ಹಾಕು. ನಮ್ಮನೇಲಿ ಅದು ಎಂಗುಸ್ರ ಕೈಯಿಂದ್ಲೇ ಬೀಳ್ಬೇಕು."

ಅವಳ ಮಂಡಿ ಊದಿ ಹೊಲದವರೆಗೆ ನಡೆಯಲಾಗುತ್ತಿರಲಿಲ್ಲ. ಅಮ್ಮ ಹಾಲು ಹಾಕಲು ಡೈರಿಗೆ ಹೋಗಿದ್ದಳು. ಉಳಿದವಳು ನಾನೇ.

ಅಜ್ಜಿ ಮದುವೆಯಾಗಿ ಬಂದಾಗ ಇಲ್ಲಿ ಆರಿದ್ರಾ ಮಳೆಗೇ ಬಿತ್ತುತ್ತಿದ್ದರಂತೆ. ಮಳೆ ಹಿಂದೆ ಸರಿದಂತೆಲ್ಲ ಅವಳೂ ಪುಷ್ಯ, ಆಶ್ಲೇಷ ಎಂದು ಬಿತ್ತನೆಯನ್ನು ಸರಿಸಿಕೊಂಡು ಬಂದಿದ್ದಳು. ರಾಗಿಯ ನಡುವೆ ಅವರೆ ಬಿತ್ತುವ ಅಕ್ಕಡಿ ಸಾಲನ್ನು ಮಾತ್ರ ಕೈಬಿಟ್ಟಿರಲಿಲ್ಲ. ರಾಗಿ ಕೈಕೊಟ್ಟ ವರ್ಷ ಅವರೆ ಇಬ್ಬನಿ ಕುಡಿದೇ ಬದುಕುತ್ತದೆ ಎನ್ನುತ್ತಿದ್ದಳು. ಅಪ್ಪನದು ಬೇರೆ ದಾರಿ. ಬೇಗ ಬರುವ ರಾಗಿ ತಂದು, ಹಸಿ ಆರುವ ಮೊದಲು ಟ್ರಾಕ್ಟರಿನಲ್ಲಿ ಒಂದೇ ಸಲಕ್ಕೆ ಬಿತ್ತಿ ಮುಗಿಸುವುದು. ಇಬ್ಬರೂ ಮಳೆಯ ಜೊತೆಗೇ ಹೊಂದಿಕೊಳ್ಳುತ್ತಿದ್ದರು. ಪರಸ್ಪರ ಹೊಂದುತ್ತಿರಲಿಲ್ಲ, ಅಷ್ಟೇ.

ಬದುವಿನ ಮೇಲೆ ನಾನು ಕಾಣಿಸಿಕೊಂಡದ್ದೇ ಟ್ರಾಕ್ಟರಿನ ಚಲುವರಾಜು ಗೇರು ತಪ್ಪಿಸಿ ನಕ್ಕ.

"ಅಣ್ಣೋ, ನೋಡಿಲ್ಲಿ! ಡಿಗ್ರಿ ಮೇಡಮ್ಮು ಮಡ್ಲಕ್ಕಿ ಕಟ್ಕಂಡು ಬಂದ್ಬುಟ್ಟವ್ರೆ. ಗಂಡಿನ ಕಡೆಯೋರು ಎಲ್ಲವ್ವ, ಹಿಂದೆ ಬತ್ತಾವ್ರಾ?"

ಪಕ್ಕದ ಹೊಲದಲ್ಲಿದ್ದವರೂ ತಿರುಗಿ ನೋಡಿದರು. ಅಪ್ಪನೂ ನಕ್ಕರು. "ಸುಮ್ನೆ ಗಾಡಿ ಓಡುಸ್ಲಾ. ಏನವ್ವಾ ಚೈತ್ರ?"

ವೇಲಿನ ಗಂಟನ್ನು ಹೊಟ್ಟೆಗೆ ಒತ್ತಿಕೊಂಡೆ. ಹೇಳಬೇಕಾದ ಮಾತು ಬಾಯಲ್ಲೇ ಇತ್ತು. "ಊಟಕ್ಕೆ ಯಾವಾಗ ಬರ್ತೀರ ಅಂತ ಅಮ್ಮ ಕೇಳಿದ್ರು," ಎಂದೆ. ಅಮ್ಮ ಕೇಳಿರಲಿಲ್ಲ.

ಟ್ರಾಕ್ಟರು ಹೊರಟಿತು. ಹೊಲದ ತುಂಬ ಬರೀ ರಾಗಿಯೇ ಬಿತ್ತು.

ಜಗುಲಿಯಲ್ಲಿ ಕಾಯುತ್ತಿದ್ದ ಅಜ್ಜಿ, "ಬಿತ್ತುದ್ಯಾ?" ಎಂದಳು.

"ಹೂಂ."

"ನಿಮ್ಮಪ್ಪ ಏನೂ ಅನ್ಲಿಲ್ವಾ?"

"ಇಲ್ಲ."

ಅವಳ ಮುಖ ಅರಳಿತು. "ಒಪ್ಕಂಡ್ನಲ್ಲ, ಸಾಕು ಬುಡು. ಇನ್ನು ಅವನ ಮುಂದೆ ಆ ಮಾತೆತ್ತಕ್ಕೋಗ್ಬೇಡ. ಗೆದ್ದೆ ಅಂತ ಕೆಣಕ್ದಂಗಾಯ್ತದೆ." ಅಪ್ಪನೂ ಎತ್ತಲಿಲ್ಲ. ತಮ್ಮ ಅವ್ವ ಅಕ್ಕಡಿಯ ಹಟ ಬಿಟ್ಟಳು ಎಂದೇ ಅವರು ತಿಳಿದಿದ್ದರು. ಇಬ್ಬರ ಮರ್ಯಾದೆಯ ಮಧ್ಯೆ ನನ್ನ ಸುಳ್ಳು ಬೆಚ್ಚಗೆ ಕೂತಿತು. ಬೀಜವನ್ನು ಗಂಟಿನ ಸಮೇತ ಹಳೆಯ ಕಾಲೇಜು ಬ್ಯಾಗಿಗೆ ತುರುಕಿ ಅಟ್ಟಕ್ಕೆ ಹಾಕಿದೆ.

ನನಗೆ ಡೈರಿ ಬರೆಯುವ ಅಭ್ಯಾಸ. ಅಜ್ಜಿಗೆ ಓದು ಬರದು. ಸಂಜೆ ನನ್ನ ಪಕ್ಕ ಕೂತು, "ಇವತ್ತು ಅವರೆ ವಿಚಾರ ಏನ್ ಬರ್ದೆ, ಓದು," ಎನ್ನುತ್ತಿದ್ದಳು. ಓದುವಾಗ ತೊದಲಬಾರದೆಂದು ಬರೆದೇ ಇಡತೊಡಗಿದೆ. ಮೊಳಕೆ ಬಂದಿದೆ. ಬಳ್ಳಿ ಹಬ್ಬಿದೆ. ಹೂ ಕಚ್ಚಿದೆ. ಯಾರಿಗೂ ಹೇಳಲಾಗದ್ದನ್ನು ಹೇಳಿಕೊಳ್ಳುತ್ತಿದ್ದ ಪುಸ್ತಕದಲ್ಲೂ ಸುಳ್ಳು ಬರೆದೆ.

ಆ ವರ್ಷ ರಾಗಿ ತೆನೆಗೆ ಹೊಡೆ ಬರುವಾಗ ಮಳೆ ನಿಂತಿತು. ಕೊಯ್ಯುವಾಗ ಸೈಕ್ಲೋನು ಎಂದು ನಾಲ್ಕು ದಿನ ಬಿಡದೆ ಸುರಿದು, ಮಲಗಿದ ತೆನೆಯಲ್ಲೇ ಕಾಳು ಮೊಳೆಯಿತು. ಪಕ್ಕದ ಚಿಕ್ಕಬೋರಮ್ಮನ ಹೊಲದಲ್ಲಿ ರಾಗಿ ಹೋದರೂ ಅವರೆ ಸಾಲು ಹೂ ಹೊತ್ತು ನಿಂತಿತ್ತು. ನಾನು ಆ ಕಡೆ ನೋಡದೆ ನಡೆಯುವುದನ್ನು ಕಲಿತೆ.

ಡಿಸೆಂಬರಿನಲ್ಲಿ ಅಜ್ಜಿ ಕೇಳಿದಳು: "ಒಂದಿಷ್ಟು ಕಾಯಿ ಕಿತ್ಕಂಡು ಬಾ. ಮೂಸ್ಬೇಕು ಅನ್ಸ್ತದೆ."

ನಾಗಮಂಗಲದ ಬಸ್‌ಸ್ಟ್ಯಾಂಡಿನ ಹತ್ತಿರ ಎರಡು ಕೇಜಿ ಕೊಂಡು, ಪ್ಲಾಸ್ಟಿಕ್ ಕವರು ಬಿಸಾಡಿ, ವೇಲಿನಲ್ಲಿ ಕಟ್ಟಿಕೊಂಡು ಬಂದೆ.

ಅಜ್ಜಿ ಒಂದು ಕಾಯಿ ಮುರಿದು ಮೂಗಿಗೆ ಹಿಡಿದಳು. ಇನ್ನೊಂದು ಮುರಿದಳು. ಬೆರಳಿಗೆ ಬೆರಳು ಉಜ್ಜಿ ಜಿಡ್ಡು ಹುಡುಕಿದಳು.

"ಸೊಗಡೇ ಇಲ್ವಲ್ಲವ್ವ."

ನಾನು ಖಾಲಿ ವೇಲನ್ನು ಕೊಡವಿದೆ.

"ನಮ್ ಕಾಯಿ ಮುಟ್ಟುದ್ರೆ ಉಂಡೆದ್ಮೇಲೂ ಕೈ ಗಮ್ ಅನ್ನೋದು. ಎಲ್ಲಿ ಇಬ್ನಿ ಬೀಳ್ತದೆ ಈಗ? ಚಳೀನೇ ಸರ್ಯಾಗಿ ಬರಾಕಿಲ್ಲ." ಕಾಯಿಗಳನ್ನು ಮೊರಕ್ಕೆ ಹಾಕಿ ಪಕ್ಕಕ್ಕೆ ತಳ್ಳಿದಳು. "ಇದೂ ಕೆಟ್ಟೋಯ್ತು ಬುಡು."

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮರುದಿನ ಪಟ್ಟಣದ ಕಂಪ್ಯೂಟರ್ ಕ್ಲಾಸಿನಿಂದ ಬರುವಷ್ಟರಲ್ಲಿ ಹಸಿವಾಗಿತ್ತು. ಅಮ್ಮ ಮುದ್ದೆಯ ಮೇಲೆ ಸಾರು ಬಿಟ್ಟಳು. ಒಣ ಅವರೆಕಾಳಿನ ಸಾರು. ಅರ್ಧ ಉಂಡ ಮೇಲೆ ಕೇಳಿದೆ: "ಯಾವ ಕಾಳಮ್ಮ ಇದು?"

"ಅತ್ತೆ ಗುಡಾಣದ್ದು. ಬೂದಿ ತೊಳ್ದು ಎಲ್ಲಾನೂ ನೆನಾಕು ಅಂದ್ರು. ಸೊಗಡು ಹೋದ ಬೀಜ ಇಟ್ಕಂಡು ಏನ್ ಮಾಡದು ಅಂದ್ರಪ್ಪ."

ತಟ್ಟೆ ಬಿಟ್ಟು ಎದ್ದೆ. ಕೈ ತೊಳೆಯದೆ ಅಟ್ಟ ಹತ್ತಿ ಬ್ಯಾಗು ಎಳೆದೆ. ಗಂಟು ಬಿಚ್ಚಿದರೆ ಹಿಟ್ಟು ಉದುರಿತು. ಹುಳಗಳು ನನ್ನ ಎಂಜಲು ಕೈಮೇಲೆ ಹರಿದವು. ಬೂದಿ ಬೆರೆಸದೆ ಇಟ್ಟರೆ ಏನಾಗುತ್ತದೆಂದು ಈ ಮನೆಯ ಮಗುವಿಗೂ ಗೊತ್ತು.

ಗಂಟನ್ನು ಅಜ್ಜಿಯ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಚಲುವರಾಜುವಿನ ಮಾತು, ಬಸ್‌ಸ್ಟ್ಯಾಂಡಿನ ಕಾಯಿ, ಡೈರಿ. ಅವಳು ಬೈಯುತ್ತಾಳೆಂದು ಕಾದೆ.

"ಸುಮ್ಸುಮ್ಕೆ ಇಬ್ನಿ ಮೇಲೆ ಹಾಕ್ಬುಟ್ಟೆನಲ್ಲ ತಪ್ಪ," ಎಂದಳು. ಮೊರ ಎಳೆದುಕೊಂಡು ತೂತು ಬಿದ್ದವನ್ನು ಒಂದೊಂದೇ ಆಚೆ ತಳ್ಳತೊಡಗಿದಳು. ಕೊನೆಗೆ ಉಳಿದವು ಅವಳ ಅಂಗೈಯ ಗುಳಿಯೂ ತುಂಬಲಿಲ್ಲ. ಒಲೆಯಿಂದ ಬೂದಿ ತರಲು ಕಣ್ಣಲ್ಲೇ ಹೇಳಿದಳು.

ಬೂದಿ ತರುವಾಗ ಜಗುಲಿಯಲ್ಲಿ ಅಪ್ಪ ಇದ್ದರು. ಎದುರಿಗೆ ಚಲುವರಾಜು ಕಾಫಿ ಕುಡಿಯುತ್ತಿದ್ದ.

"ಅಪ್ಪ," ಎಂದೆ. ದನಿ ನನ್ನದಲ್ಲವೆನ್ನುವಷ್ಟು ಜೋರಾಗಿತ್ತು. "ಬರೋ ವರ್ಷ ಅಕ್ಕಡಿಗೆ ಸಾಲು ಬಿಡ್ಬೇಕು. ಅಜ್ಜಿ ಹೇಳಿದ್ದಾಳೆ."

ಅಪ್ಪ ಲೋಟ ಕೆಳಗಿಟ್ಟರು. "ಅದಕ್ಯಾಕವ್ವ ಇಂಗೆ ಅಳ್ತಾ ನಿಂತಿದ್ದೀಯ? ಬುಟ್ರಾಯ್ತು. ಬಿತ್ತೋ ದಿನಾನೇ ಕೇಳಿದ್ರೆ ಬುಡ್ತಿರ್ನಿಲ್ವಾ? ಎಷ್ಟ್ ಸಾಲು ಬೇಕು, ಹೇಳು."

ಬೂದಿಯ ಬಟ್ಟಲು ಕೈಯಲ್ಲಿ ಇನ್ನೂ ಬಿಸಿಯಾಗಿತ್ತು. ಒಳಗೆ ಅಜ್ಜಿಯ ಅಂಗೈಯಲ್ಲಿ ಉಳಿದಿದ್ದ ಬೀಜ ಒಂದು ಸಾಲಿಗೂ ಸಾಲದು.