ಮುಳುಗಿದ ಗೋಡೆಯ ಮೇಲಿನ ಗುರುತು

ಶೆಟ್ಟಿಹಳ್ಳಿಯಿಂದಾಚೆ, ಹೇಮಾವತಿ ಹಿನ್ನೀರಿನ ದಂಡೆಯಲ್ಲಿ ಪುಟ್ಟರಾಜುವಿನ ಊರು. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳೇ ಊರಿನ ಕಲ್ಲುಗೋಡೆಯೊಂದು ಇನ್ನೂ ಅಲ್ಲೇ ನಿಂತಿದೆ. ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. ನೀರು ಏರುವಾಗ, ಇಳಿಯುವಾಗ ಮಾತ್ರ ಗೇಣುದ್ದ ಕೆಳಗೆ ಅಡಗಿ ಕೂರುತ್ತದೆ. ಆಚೆ ದಡದ ಹೊಲಕ್ಕೆ ತೆಪ್ಪದಲ್ಲೇ ಹೋಗಬೇಕು.

ಗೋಡೆಯ ಗುರುತಿಗೆ ಮೊದಲು ಬಿದಿರು ನೆಟ್ಟರು, ಕೊಳೆಯಿತು. ಆಮೇಲೆ ಕಬ್ಬಿಣದ ಡ್ರಮ್ಮಿಗೆ ಕೆಂಪು ಬಣ್ಣ ಬಳಿದು ತೇಲಿಬಿಟ್ಟರು. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತಂದವನು ಪುಟ್ಟರಾಜುವೇ. ಈ ವರ್ಷ ಡ್ರಮ್ಮು ತುಕ್ಕು ಹಿಡಿದು, ತೂತಾಗಿ, ಯಾರಿಗೂ ತಿಳಿಯದಂತೆ ಮುಳುಗಿತು. ಅವನ ತಮ್ಮ ಪಾಪಯ್ಯನ ತೆಪ್ಪ ಗೋಡೆಗೆ ಬಡಿದು ಮಗುಚಿತು. ತೆಪ್ಪ ಅಂದೇ ಸಿಕ್ಕಿತು. ಪಾಪಯ್ಯನ ಹೆಣ ಮಾರನೆಯ ದಿನ ಸಿಕ್ಕಿತು.

ತಿಂಗಳು ಕಳೆದ ಮೇಲೆ ಸ್ವಸಹಾಯ ಸಂಘದ ಭವ್ಯಶ್ರೀ ಪುಟ್ಟರಾಜುವಿನ ಮನೆಗೆ ಬಂದಳು. ಹಿಂದೆ ದೋಣಿವಿಹಾರದಲ್ಲಿ ಕೆಲಸ ಮಾಡಿದವಳು.

"ಮಾವ, ಗೋಡೆ ಮೇಲೆ ಪ್ಲಾಸ್ಟಿಕ್ ತೇಲುಬುಂಡೆ ಆಕ್ಸಾನ."

"ಏನಾಕಿದ್ರೂ ನೀರು ತಿಂದಾಕ್ತದೆ ಕಣವ್ವ. ಬುಟ್ಬುಡು."

ಒಲೆಯ ಮುಂದಿದ್ದ ಪುಟ್ಟರಾಜುವಿನ ಹೆಂಡತಿ ಚಿಕ್ಕಲಕ್ಷ್ಮಮ್ಮ ತಿರುಗಿ ನೋಡಲಿಲ್ಲ. "ರೇಟು ಏಳವ್ವ ಮದ್ಲು. ಇವ್ರು ಕೇಳಾದೇ ಅದೊಂದ."

"ಡ್ರಮ್ಮಿಗಿಂತ ಆರು ಪಟ್ಟು ಜಾಸ್ತಿ."

"ಆರು ಪಟ್ಟಾ! ಚಿನ್ನದ್ದಾ ಅದು?"

"ಅತ್ತು ವರ್ಸಕ್ಕೆ ಲೆಕ್ಕ ಆಕಿ ಮಾವ. ಎರಡು ವರ್ಸಕ್ಕೊಂದು ಅಂದ್ರೂ ಡ್ರಮ್ಮು ಐದಾಯ್ತು. ವರ್ಸವರ್ಸ ಮೇಲೆತ್ತಿ, ತುಕ್ಕು ಕೆರೆದು, ಬಣ್ಣ ಬಳೀಬೇಕು. ಆ ಖರ್ಚೇ ಇನ್ನೈದು ಡ್ರಮ್ಮಿನಷ್ಟು, ಒಟ್ಟು ಅತ್ತು ಡ್ರಮ್ಮಾಯ್ತು. ಬುಂಡೆ ಒಂದೇ ಅತ್ತು ವರ್ಸ ಬರ್ತದೆ. ಅದಕ್ಕೆ ತುಕ್ಕಿಲ್ಲ, ಬಣ್ಣ ಪ್ಲಾಸ್ಟಿಕ್‌ನಲ್ಲೇ ಬೆರ್ತಿರ್ತದೆ. ಒಳಗೆ ಫೋಮ್ ತುಂಬಿರೋದ್ರಿಂದ ತೂತಾದ್ರೂ ಮುಳುಗಲ್ಲ. ಗೋಡೆಗೆ ಕಟ್ಟೋ ಸರಪಳಿ ಸವೀತದೆ, ಅದನ್ನ ಮಾತ್ರ ನಡುವೆ ಬದಲಾಯಿಸ್ಬೇಕು."

"ಬಣ್ಣ ಬಳ್ಯಕ್ಕೆ ನಾವ್ಯಾವತ್ತು ಕೂಲಿ ಕೊಟ್ಟಿದ್ವು? ಪಾಪಯ್ಯನೇ ಬಳೀತಿದ್ದ..."

ಹೇಳುತ್ತಿದ್ದಂತೆ ಪುಟ್ಟರಾಜುವಿಗೆ ನೆನಪಾಯಿತು. ಈ ವರ್ಷವೂ ಪಾಪಯ್ಯ ಕೇಳಿದ್ದ, "ಒಂದು ಡಬ್ಬಿ ಬಣ್ಣ ತಂದ್ಕೊಡಣ್ಣ." ಸುಮ್ಮನೆ ಖರ್ಚು, ಮುಂದಿನ ವರ್ಷ ನೋಡೋಣ ಎಂದು ತಾನೇ ತಳ್ಳಿಹಾಕಿದ್ದ.

"ಆಕ್ಸವ್ವ," ಅಂದ. "ಆ ಲೆಕ್ಕ ನಾನು ಆಕ್ಲೇ ಇಲ್ಲ."

ಈಗ ಗೋಡೆಯ ಮೇಲೆ ಕೆಂಪು ಬುಂಡೆ ತೇಲುತ್ತಿದೆ. ಚಿಕ್ಕಲಕ್ಷ್ಮಮ್ಮ ಅದನ್ನು ಸುತ್ತಿಬಳಸಿ ತೆಪ್ಪದಲ್ಲಿ ಹೊಲಕ್ಕೆ ಹೋಗಿಬರುತ್ತಾಳೆ. ಪುಟ್ಟರಾಜು ದಡದಲ್ಲಿ ಕೂತು ಅದನ್ನೇ ನೋಡುತ್ತಾನೆ. ಪಕ್ಕದಲ್ಲಿ ಪಾಪಯ್ಯನ ತೆಪ್ಪ ಬೋರಲು ಬಿದ್ದಿದೆ.

ನಿಮ್ಮೂರಿನ ನೀರಿನೊಳಗೂ ಬಂಡೆಯೋ ಗೋಡೆಯೋ ಇರಬಹುದು. ಗುರುತು ಕೊಳ್ಳುವಾಗ ಅಂಗಡಿಯ ಬೆಲೆಯೊಂದನ್ನೇ ಕೇಳಬೇಡಿ. ಎಷ್ಟು ವರ್ಷ ಬಾಳುತ್ತದೆ, ಯಾರು ನೋಡಿಕೊಳ್ಳುತ್ತಾರೆ, ಅವರು ಇಲ್ಲದ ವರ್ಷ ಗತಿಯೇನು ಎಂದೂ ಕೇಳಿ. ಇವತ್ತೇ ದಡಕ್ಕೆ ಹೋಗಿ ನೋಡಿ: ನೀವು ಹಾಕಿದ ಗುರುತು ಇನ್ನೂ ತೇಲುತ್ತಿದೆಯೇ?