ಶೂನ್ಯಮಾಸದಲ್ಲಿ ಬಂದ ನಾಲ್ಕು ಟೈರು

ಕಡಲಾಚೆಯ ಈ ಕೆನ್ಮೋರಿನಲ್ಲಿ ಹಿಮ ಬೀಳುವುದು ವರ್ಷಕ್ಕೆ ನಾಲ್ಕೋ ಐದೋ ದಿನ. ಅಷ್ಟಕ್ಕೆ ಚಳಿಗಾಲಕ್ಕೆಂದೇ ಬೇರೆ ಟೈರು ಯಾಕೆ ಎಂದು ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಚಹಾ ಆರುವವರೆಗೂ ವಾದ ನಡೆಯುತ್ತದೆ. ಕಲ್ಮೇಶನ ಮನೆಯಲ್ಲೂ ನಡೆಯಿತು. ಆದರೆ ಆ ಮನೆಯವರಿಗೆ ವಾದ ಮಾಡುತ್ತ ಕೂರುವ ಪುರುಸೊತ್ತು ಇರಲಿಲ್ಲ. ಕಲ್ಮೇಶನ ತಾಯಿ ನಿಂಗವ್ವನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ಸೋಮವಾರ, ಬುಧವಾರ, ಶುಕ್ರವಾರ ಪಕ್ಕದ ಊರು ಕರ್ಕ್‌ಲ್ಯಾಂಡಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಹಬ್ಬವಿರಲಿ, ಹಿಮವಿರಲಿ, ತಪ್ಪಿಸುವಂತಿಲ್ಲ. ಮನೆಯೋ ಗುಡ್ಡದ ಮೇಲಿದೆ. ಕಡಿದಾದ ಇಳಿಜಾರು ಇಳಿಯದೆ ಎಲ್ಲಿಗೂ ಹೋಗಲಾಗದು.

ಕ್ರಿಸ್‌ಮಸ್ಸಿನ ಹಿಂದಿನ ವಾರ ಪಕ್ಕದ ಮನೆಯ ಮೈತ್ರಿ ಒಂದು ಡಬ್ಬಿ ಹುಗ್ಗಿ ಹಿಡಿದು ಬಂದಳು. ಮೈತ್ರಿ ಮೈಸೂರಿನವಳು. ಇಲ್ಲಿಗೆ ಬರುವ ಮೊದಲು ಒಂಬತ್ತು ವರ್ಷ ಮಿನೆಸೋಟದ ಹಿಮದಲ್ಲಿ ಕಾರು ಓಡಿಸಿದವಳು.

"ಕಲ್ಮೇಶ್ ಅವರೇ, ಹೊಸ ವರ್ಷದ ಹೊತ್ತಿಗೆ ಸ್ನೋ ಬರ್ಬಹುದು ಅಂತಿದಾರೆ. ವಿಂಟರ್ ಟೈರ್ ಹಾಕ್ಸಿದ್ರಾ?"

"ನಮ್ದು ಆಲ್ ವೀಲ್ ಡ್ರೈವ್ ರೀ. ನಾಲ್ಕೂ ಗಾಲಿ ಎಳೀತಾವು. ಮತ್ಯಾಕ ಬೇಕು?"

"ಎಳೆಯೋದೇನೋ ಸರಿ. ನಿಲ್ಲಿಸೋದು ಯಾರು? ಬ್ರೇಕ್ ಹಾಕಿದ್ಮೇಲೆ ರೋಡನ್ನ ಹಿಡ್ಕೊಳ್ಳೋದು ಟೈರ್ ಮಾತ್ರ. ಚಳಿಗೆ ತುಪ್ಪ ಗಟ್ಟಿಯಾಗಲ್ವಾ? ಮಾಮೂಲಿ ಟೈರಿನ ರಬ್ಬರೂ ಹಾಗೇ. ಏಳು ಡಿಗ್ರಿಗಿಂತ ಕೆಳಗೆ ಹೋದ್ರೆ ಗಟ್ಟಿಯಾಗ್ತಾ ಬರುತ್ತೆ, ಹಿಡಿತ ಕಮ್ಮಿಯಾಗುತ್ತೆ. ವಿಂಟರ್ ಟೈರಿನ ರಬ್ಬರ್ ಆ ಚಳೀಲೂ ಮೆತ್ತಗೇ ಇರುತ್ತೆ."

"ನಮ್ಮ ಟೈರಿನ ಮ್ಯಾಲೆ ಎಮ್ ಪ್ಲಸ್ ಎಸ್ ಅಂತ ಬರದದ. ಕೆಸರು, ಹಿಮ ಎರಡಕ್ಕೂ ನಡೀತದಂತ."

"ಅದೊಂದೇ ಸಾಲ್ದು. ಟೈರಿನ ಪಕ್ಕದಲ್ಲಿ ಮೂರು ತುದಿಯ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರ್ಬೇಕು. ಹಿಮದಲ್ಲಿ ಟೆಸ್ಟ್ ಮಾಡಿ ಪಾಸಾದ ಟೈರಿಗೆ ಮಾತ್ರ ಅದನ್ನ ಹಾಕ್ತಾರೆ."

ಕಲ್ಮೇಶ ತಲೆ ಕೆರೆದುಕೊಂಡ. "ಹಂಗಾದ್ರ ಮುಂದಿನ್ವು ಎರಡು ಹಾಕ್ಸಿದ್ರ ನಡೀತದಲ್ರೀ?"

"ಬೇಡವೇ ಬೇಡ. ಮುಂದಿನೆರಡು ಹಿಡ್ಕೊಳ್ತವೆ, ಹಿಂದಿನೆರಡು ಜಾರ್ತವೆ, ಕಾರು ಬುಗುರಿ ಥರ ತಿರುಗುತ್ತೆ. ಹಾಕ್ಸಿದ್ರೆ ನಾಲ್ಕೂ ಹಾಕ್ಸಿ."

ಇಷ್ಟರಲ್ಲಿ ಒಳಗಿನಿಂದ ನಿಂಗವ್ವ ಬಂದಳು. "ಏನು ಹಚ್ಚಸೋದು? ಶೂನ್ಯಮಾಸ ನಡದದ ತಂಗಿ. ಗಾಡಿಗೆ ಹೊಸಾ ಸಾಮಾನು ಹಚ್ಚಬಾರ್ದು. ಸಂಕ್ರಮಣ ಆಗ್ಲಿ, ಪೂಜಿ ಮಾಡಿ ಹಚ್ಚೋಣು."

ಕಲ್ಮೇಶನಿಗೆ ಅಷ್ಟೇ ಸಾಕಾಗಿತ್ತು. ಅವ್ವನ ಮಾತು ಮೀರದ ಮಗನಾಗಿಬಿಟ್ಟ. ಎರಡು ದಿನದ ಹಿಂದೆ ಹೊಸ ಫೋನ್ ತರಿಸಿಕೊಂಡಾಗ ಇದೇ ಮಹಾಶಯನಿಗೆ ಶೂನ್ಯಮಾಸ ನೆನಪಾಗಿರಲಿಲ್ಲ. ನಮಗೆ ಬೇಡದ ಕೆಲಸವಿದ್ದಾಗ ಪಂಚಾಂಗ ಎಷ್ಟು ಬೇಗ ನೆನಪಾಗುತ್ತದೆ ನೋಡಿ.

ಜನವರಿಯ ಮೊದಲ ಶುಕ್ರವಾರ ಬೆಳಗ್ಗೆ ಬಾಗಿಲು ತೆರೆದರೆ ರಸ್ತೆಯೇ ಕಾಣಲಿಲ್ಲ. ಗೇಣುದ್ದ ಹಿಮ ಬಿದ್ದಿತ್ತು. ನಿಂಗವ್ವನ ಪಾದಗಳು ಊದಿದ್ದವು. ಎರಡು ಮೆಟ್ಟಿಲು ಇಳಿದರೆ ಏದುಸಿರು ಬರುತ್ತಿತ್ತು. ಒಂಬತ್ತೂವರೆಗೆ ಡಯಾಲಿಸಿಸ್ ಸೆಂಟರಿನಿಂದ ಫೋನ್ ಬಂತು. ನರ್ಸುಗಳು ಅರ್ಧಕ್ಕರ್ಧ ಬಂದಿಲ್ಲ, ಹನ್ನೊಂದರೊಳಗೆ ಬಂದರೆ ಮಾಡುತ್ತೇವೆ, ಇಲ್ಲವಾದರೆ ಸೋಮವಾರವೇ, ನಡುವೆ ಉಸಿರು ಕಟ್ಟಿದರೆ ಆಂಬುಲೆನ್ಸ್ ಕರೆಸಿ ಎಂದರು. ಹಿಂದಿನ ಸಲ ಆಗಿದ್ದು ಬುಧವಾರ. ಬುಧವಾರದಿಂದ ಸೋಮವಾರದವರೆಗೆ ಅಂದರೆ ಐದು ದಿನ. ಅಷ್ಟು ದಿನ ನೀರೂ ವಿಷವೂ ಒಳಗೇ ಸೇರುತ್ತಿದ್ದರೆ ಆ ಜೀವ ಏನಾಗಬೇಕು?

"ನಡೀ ಅವ್ವಾ, ಸಾವಕಾಶ ಹೋಗೋಣು," ಎಂದ ಕಲ್ಮೇಶ.

ಕಾರು ಸಲೀಸಾಗಿ ಹೊರಟಿತು. ನಾಲ್ಕೂ ಗಾಲಿ ಎಳೆಯುತ್ತಿದ್ದವಲ್ಲ, ಅವನಿಗೆ ಧೈರ್ಯ ಬಂತು. ಇಳಿಜಾರಿನ ಕೊನೆಯಲ್ಲಿ ಒಂದು ಅಡ್ಡರಸ್ತೆ, ಅಲ್ಲಿ ನಿಂತೇ ಮುಂದೆ ಹೋಗಬೇಕೆನ್ನುವ ಸ್ಟಾಪ್ ಸೈನ್. ದೂರದಿಂದಲೇ ಬ್ರೇಕ್ ಒತ್ತಿದ. ಪೆಡಲ್ ಕಾಲಡಿ ಗಡಗಡ ನಡುಗಿತು. ಕಾರು ನಿಲ್ಲಲಿಲ್ಲ. ಇನ್ನೂ ಒತ್ತಿದ. ಅದು ತನ್ನ ಪಾಡಿಗೆ ಜಾರುತ್ತಲೇ ಇತ್ತು. ಎಡದಿಂದ ಹಿಮ ಸರಿಸುವ ದೊಡ್ಡ ಲಾರಿ ಬರುತ್ತಿತ್ತು. ಹಾರ್ನ್ ಕಿವಿಗಡಚಿಕ್ಕಿತು.

"ಶಿವನೇ!" ನಿಂಗವ್ವ ಎಡಗೈಯನ್ನು ಬಲಗೈಯಿಂದ ಎದೆಗೆ ಅವುಚಿಕೊಂಡಳು. ಡಯಾಲಿಸಿಸ್ ಸೂಜಿ ಚುಚ್ಚುವುದು ಆ ಎಡಗೈಗೆ. ಅದಕ್ಕೆ ಪೆಟ್ಟು ಬಿದ್ದರೆ ಎಲ್ಲ ಮುಗಿಯಿತೆಂದು ಅವಳಿಗೆ ಗೊತ್ತಿತ್ತು.

ಕಲ್ಮೇಶ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ. ಕಾರು ಅಂಚಿನ ಕಲ್ಲಿಗೆ ಬಡಿದು, ರಸ್ತೆಬದಿಯ ತಗ್ಗಿಗೆ ವಾಲಿ ನಿಂತಿತು. ಲಾರಿ ಒಂದು ಮಾರು ದೂರದಲ್ಲಿ ಹಾದುಹೋಯಿತು. ಹಿಂದೆ ತೆಗೆಯಲು ನೋಡಿದ. ನಾಲ್ಕೂ ಗಾಲಿ ಗರಗರ ತಿರುಗಿದವು, ಕಾರು ಅಲ್ಲಾಡಲಿಲ್ಲ. ಗಂಟೆ ಹತ್ತು ಇಪ್ಪತ್ತು. ಮೈತ್ರಿಗೆ ಫೋನ್ ಮಾಡಿದ.

ಮೈತ್ರಿ ಬಂದದ್ದು ಹನ್ನೆರಡು ವರ್ಷ ಹಳೆಯ ಪುಟ್ಟ ಕಾರಿನಲ್ಲಿ. ಅದರಲ್ಲಿ ಎಳೆಯುವುದು ಮುಂದಿನ ಎರಡೇ ಗಾಲಿ. ಅದೇ ಇಳಿಜಾರಿನಲ್ಲಿ ನಿಧಾನಕ್ಕೆ ಇಳಿದು, ಇವರ ಪಕ್ಕದಲ್ಲೇ ಕರಕರ ಸದ್ದು ಮಾಡಿ ನಿಂತಿತು.

"ಅಮ್ಮ, ನನ್ನ ಭುಜ ಹಿಡ್ಕೊಳ್ಳಿ. ಅವಸರ ಬೇಡ."

"ತಂಗಿ, ಇದು ನಿಂತಿತಲ್ಲ!" ಎಂದಳು ನಿಂಗವ್ವ. ಅವಳ ಬಾಯಿಂದ ಮೊದಲು ಬಂದ ಮಾತು ಅದು.

"ನಾಲ್ಕೂ ವಿಂಟರ್ ಟೈರ್ ಅಮ್ಮ. ಆದ್ರೂ ಜೋರಾಗಿ ಓಡಿಸೋ ಹಾಗಿಲ್ಲ."

ಕಾರನ್ನು ತಗ್ಗಿನಿಂದ ಎಳೆದು ತೆಗೆಯುವ ಲಾರಿಗೆ ಕಾಯುತ್ತ ಕಲ್ಮೇಶ ಅಲ್ಲೇ ಉಳಿದ. ದಾರಿಯುದ್ದಕ್ಕೂ ಮೈತ್ರಿ ಮುಂದಿನ ಗಾಡಿಯಿಂದ ದೂರ ಇಟ್ಟುಕೊಂಡೇ ಓಡಿಸಿದಳು. ನಿಂಗವ್ವನ ಕಣ್ಣು ಗಡಿಯಾರದ ಮೇಲೇ ಇತ್ತು. ಸೆಂಟರಿನ ಬಾಗಿಲು ತಲುಪಿದಾಗ ಹನ್ನೊಂದಕ್ಕೆ ನಾಲ್ಕು ನಿಮಿಷ. ತೂಕ ನೋಡಿದ ನರ್ಸು, ಮೂರೂವರೆ ಕಿಲೋ ನೀರು ಸೇರಿದೆ, ಸೋಮವಾರದವರೆಗೆ ತಡೆಯುತ್ತಿರಲಿಲ್ಲ ಎಂದಳು.

ಸೂಜಿ ಹಾಕಿ ಯಂತ್ರ ಶುರುವಾದ ಮೇಲೆ ನಿಂಗವ್ವ ಮಗನಿಗೆ ಫೋನ್ ಮಾಡಿದಳು.

"ಟೈರ್ ಹಚ್ಚಸು. ಇವತ್ತ ಹಚ್ಚಸು."

"ಸಂಕ್ರಮಣಕ್ಕ ಇನ್ನೂ ಭಾಳ ದಿನ ಅದ ಅಲ್ಲವ್ವಾ?"

"ಈ ಸೂಜಿ ಚುಚ್ಚಿಸ್ಕೊಳ್ಳಾಕ ನಾ ಯಾವತ್ತರೆ ಮುಹೂರ್ತ ಕೇಳೇನೇನೋ? ಶೂನ್ಯಮಾಸ ಅಂತ ಒಂದು ದಿನರೆ ಬಿಟ್ಟೇನೇನು? ಇದು ಹೆಂಗ ಬಿಡೂ ಹಂಗಿಲ್ಲೋ, ಅದೂ ಬಿಡೂ ಹಂಗಿಲ್ಲ. ನಂದೂ ತಪ್ಪಾತು. ಹೋಗು."

ತಗ್ಗಿಗೆ ವಾಲಿದ ಕಾರಿನ ಪಕ್ಕ ನಿಂತು ಕಲ್ಮೇಶ ಅತ್ತ. ಇದನ್ನು ನನಗೆ ಅವನೇ ಹೇಳಿದ್ದು, ನಾಚಿಕೆಪಡದೆ ಹೇಳಿದ.

ಮನಸ್ಸು ಮಾಡಿದ ಕೂಡಲೇ ಟೈರು ಸಿಗಬೇಕಲ್ಲ! ಕೆನ್ಮೋರ್, ಬಾಥೆಲ್, ಕರ್ಕ್‌ಲ್ಯಾಂಡ್, ಎಲ್ಲ ಅಂಗಡಿಗಳಲ್ಲೂ ಅವನ ಅಳತೆಯ ಟೈರು ಖಾಲಿ. ಹಿಮ ಬಿದ್ದ ಮೇಲೆ ಊರಿಗೆ ಊರೇ ಓಡಿಬಂದಿತ್ತು. ಸೋಮವಾರವೂ ನಿಂಗವ್ವ ಮೈತ್ರಿಯ ಕಾರಿನಲ್ಲೇ ಹೋದಳು. ಮಂಗಳವಾರ ಮಧ್ಯಾಹ್ನ ನಾಲ್ಕು ಹೊಸ ಟೈರು ಬಂದವು. ಅವ್ವನನ್ನು ಕೂರಿಸಿಕೊಳ್ಳುವ ಮೊದಲು ಕಲ್ಮೇಶ ಒಂದು ಖಾಲಿ ಪಾರ್ಕಿಂಗಿಗೆ ಹೋಗಿ, ಮತ್ತೆ ಮತ್ತೆ ಬ್ರೇಕ್ ಹಾಕಿ, ಎಷ್ಟು ದೂರಕ್ಕೆ ನಿಲ್ಲುತ್ತದೆಂದು ನೋಡಿಕೊಂಡ. ಬುಧವಾರ ಅವ್ವ ಮಗ ಆ ಇಳಿಜಾರನ್ನು ಒಟ್ಟಿಗೆ ಇಳಿದರು. ಸ್ಟಾಪ್ ಸೈನಿನಲ್ಲಿ ಕಾರು ನಿಂತಿತು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಒಮ್ಮೆ ಗ್ಯಾರೇಜಿಗೆ ಹೋಗಿ ನಿಮ್ಮ ಟೈರಿನ ಪಕ್ಕ ಬಗ್ಗಿ ನೋಡಿ. ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇದೆಯೇ? ಇಲ್ಲದಿದ್ದರೆ ದೀಪಾವಳಿಯ ಹೊತ್ತಿಗೇ ಅಂಗಡಿಯಲ್ಲಿ ಹೇಳಿಡಿ, ಹಿಮದ ಸುದ್ದಿ ಬಂದ ಮೇಲೆ ಓಡಬೇಡಿ. ಅಪಾರ್ಟ್‌ಮೆಂಟಿನಲ್ಲಿ ಇನ್ನೂ ನಾಲ್ಕು ಟೈರು ಇಡಲು ಜಾಗವಿಲ್ಲವೇ? ಅದೇ ಗುರುತು ಇರುವ, ವರ್ಷವಿಡೀ ಓಡಿಸಬಹುದಾದ ಆಲ್ ವೆದರ್ ಟೈರುಗಳೂ ಸಿಗುತ್ತವೆ. ಯಾವುದೇ ಹಾಕಿಸಿ, ನಾಲ್ಕೂ ಹಾಕಿಸಿ. ಹಾಕಿಸಿದ ಮೇಲೂ ನಿಧಾನ ಹೋಗಿ. ರಸ್ತೆ ಗಾಜಿನಂತೆ ಹೆಪ್ಪುಗಟ್ಟಿದ ದಿನ, ಸಾಧ್ಯವಾದರೆ ಮನೆಯಲ್ಲೇ ಇರಿ.

ಪಕ್ಕದ ಸೀಟಿನಲ್ಲಿ ಕೂತವರ ಕಾಲಡಿ ಬ್ರೇಕ್ ಇರುವುದಿಲ್ಲ. ಅವರು ನಿಮ್ಮನ್ನು ನಂಬಿ ಕೂತಿರುತ್ತಾರೆ, ಅಷ್ಟೇ.