ಬಾಟಲಿ ತುಂಬುವ ದಿನ

ಅವನು ವೈನನ್ನು ಇನ್ನೊಮ್ಮೆ ಬಾಯಲ್ಲಿ ಆಡಿಸಿ ನೆಲಮಾಳಿಗೆಯ ಮೋರಿಗೆ ಉಗಿದ. ಹುಳಿಯಿಲ್ಲ, ಒಗರಿಲ್ಲ. ನೀರು ಮುಕ್ಕಳಿಸಿದ ಹಾಗಿತ್ತು. ಪಕ್ಕದ ಪೀಪಾಯಿಯಿಂದ ತೆಗೆದು ನೋಡಿದ. ಅದೂ ಅಷ್ಟೇ.

ಹೆಂಡತಿಯ ತಮ್ಮ ಮೆಟ್ಟಿಲ ಮೇಲೆ ನಿಂತಿದ್ದ. ಕರಿ ಕೋಟಿನ ಗುಂಡಿ ಅವನಿಗೆ ಕೂಡುತ್ತಿರಲಿಲ್ಲ.

"ಭಾವ, ಎತ್ತೋ ಹೊತ್ತಾಯ್ತು. ಎಲ್ಲಾರೂ ಕಾಯ್ತಿದಾರೆ."

"ಬಂದೆ."

"ಲಾರಿಯವನಿಗೆ ಏನು ಹೇಳ್ಲಿ?"

"ಇರು ಅನ್ನು."

ಬಾಟಲಿ ತುಂಬುವ ಯಂತ್ರ ಹೊತ್ತು ಊರೂರು ಸುತ್ತುವ ಲಾರಿ ಅದು. ಅಂಥ ಯಂತ್ರ ಕೊಳ್ಳಲಾರದ ಸಣ್ಣ ತೋಟಗಳವರು ತಮ್ಮ ಸರದಿಗೆ ಕಾಯುತ್ತಾರೆ. ಈ ಮನೆಯ ಸರದಿ ಇವತ್ತೇ ಬಂದಿತ್ತು. ಒಳಗೆ ನಡುಮನೆಯಲ್ಲಿ ಹೆಂಡತಿಯನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದ್ದರು.

ಅಂಗಳದಲ್ಲಿ ಲಾರಿಯವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಂಗೆ ಯಾರೂ ಹೇಳ್ಲಿಲ್ಲ ಯಜಮಾನ್ರೇ. ಹೋಗು ಅಂದ್ರೆ ಹೋಗ್ತೀನಿ. ಆದ್ರೆ ಮತ್ತೆ ಈ ಕಡೆ ಬರೋದು ಕೊಯ್ಲು ಮುಗಿದ್ಮೇಲೆ."

ಕೊಯ್ಲಿಗೆ ಮುಂಚೆ ಪೀಪಾಯಿಗಳು ಖಾಲಿಯಾಗಬೇಕು. ಬಾಟಲಿಗೆ ಹೋಗದ ವೈನ್ ದೊಡ್ಡ ಕಂಪನಿಯ ಟ್ಯಾಂಕರಿಗೆ ಹೋಗಿ ಯಾರ್ಯಾರದೋ ವೈನಿನ ಜತೆ ಬೆರೆತುಹೋಗುತ್ತದೆ.

"ಇದು ಅಮ್ಮ ಮಾಡಿದ್ದರಲ್ಲಿ ಕೊನೇದು ಅಪ್ಪ," ಮಗಳು ಮೆಲ್ಲಗೆ ಅಂದಳು. "ಟ್ಯಾಂಕರಿಗೆ ಸುರೀಬೇಡ."

"ಹದ ಆಗಿದ್ಯೋ ಇಲ್ವೋ ಗೊತ್ತಾಗ್ಬೇಕಲ್ಲ."

"ಈಗ ತಾನೆ ರುಚಿ ನೋಡಿದ್ಯಲ್ಲ?"

ಅವನು ಹೆಗಲು ಕೊಡಲು ಒಳಗೆ ಹೋದ.

*

ಅವರದು ಚಳಿಯ ಗುಡ್ಡ. ಶಾರ್ಡೊನೆ ದ್ರಾಕ್ಷಿ ಅಲ್ಲಿ ತಡವಾಗಿ ಹಣ್ಣಾಗುತ್ತದೆ, ಹಣ್ಣಾದರೂ ಹುಳಿ ಬಿಡುವುದಿಲ್ಲ. ಆ ಹುಳಿ ಪೀಪಾಯಿಯೊಳಗೆ ತಾನಾಗಿ ಮೆತ್ತಗಾಗಬೇಕು. ಅವಸರಪಟ್ಟು ಬಾಟಲಿಗೆ ತುಂಬಿ ಬಿರಡೆ ಒತ್ತಿದರೆ ಹುಳಿ ಹಾಗೇ ಉಳಿದುಬಿಡುತ್ತದೆ. ಮೆತ್ತಗಾಯಿತೋ ಇಲ್ಲವೋ ಹೇಳುವವಳು ಹೆಂಡತಿ. ಮದುವೆಯಾಗಿ ಬಂದ ಹೊಸತರಲ್ಲಿ ವೈನಿನ ವಾಸನೆಗೇ ಮುಖ ಸಿಂಡರಿಸುತ್ತಿದ್ದಳು. ಆಮೇಲೆ ಲೋಟ ತೊಳೆಯುವ ಮುಂಚೆ ತಳದಲ್ಲುಳಿದ ಹನಿಯನ್ನು ನಾಲಗೆಗೆ ಹಚ್ಚಿಕೊಳ್ಳುತ್ತ ಕಲಿತಳು.

ಒಂದು ವರ್ಷ, "ಇನ್ನೂ ಕಚ್ತಿದೆ, ಬೇಡ," ಅಂದಳು. ಅವನಿಗೆ ಆಗಿದೆ ಅನಿಸಿತ್ತು. ಆದರೂ ಲಾರಿಯನ್ನು ವಾಪಸು ಕಳಿಸಿದ. ಆ ವರ್ಷದ್ದೆಲ್ಲ ಟ್ಯಾಂಕರಿನ ಪಾಲಾಯಿತು. ಟ್ಯಾಂಕರು ರಸ್ತೆಯ ತಿರುವಿನಲ್ಲಿ ಮರೆಯಾದ ಮೇಲೆ ಅವಳು ಬಾಯಿಬಿಟ್ಟಳು.

"ಬಯ್ಯಬೇಡಿ. ಅವತ್ತು ನಂಗೆ ನೆಗಡಿ ಆಗಿತ್ತು."

"ಅವತ್ತೇ ಹೇಳೋಕೇನಾಗಿತ್ತು ನಿಂಗೆ?"

"ಗೊತ್ತಾಗ್ತಿಲ್ಲ ಅಂದಿದ್ರೆ, ಮುಂದಿನ ವರ್ಷ ನೀವು ನನ್ನನ್ನ ಕೇಳ್ತಿದ್ರಾ?"

ಎರಡು ದಿನ ಅವನು ಮಾತು ಬಿಟ್ಟ. ಮೂರನೆಯ ಬೆಳಿಗ್ಗೆ ಚಹಾ ಕುಡಿಯುತ್ತಿದ್ದವನಿಗೆ ಎಲ್ಲಿಂದಲೋ ನಗು ಬಂದು ಚಹಾ ಮೂಗಿಗೇರಿತು. ಅವಳು ಅವನ ನೆತ್ತಿ ತಟ್ಟುತ್ತ ತಾನೂ ನಕ್ಕಳು. ಆಮೇಲೂ ಪ್ರತಿ ವರ್ಷ ಅವಳನ್ನೇ ಕೇಳಿದ.

*

ಮಣ್ಣು ಮಾಡಿ ಬಂದವರು ಅಂಗಳದ ಬೆಂಚುಗಳ ಮೇಲೆ ಕೂತಿದ್ದರು. ಅವನು ಜಗ್ಗಿನಲ್ಲಿ ವೈನ್ ತಂದು ಲೋಟಗಳಿಗೆ ಒಂದಿಷ್ಟಿಷ್ಟು ಹಾಕಿದ.

"ಹೇಗಿದೆ?"

"ಚೆನ್ನಾಗಿದೆ," ಪಕ್ಕದ ತೋಟದವನು ಹೇಳಿದ. "ತುಂಬಾ ಚೆನ್ನಾಗಿದೆ. ಅವರ ಕೈಗುಣ."

"ನಂಗೆ ಎಲ್ಲಾ ಒಂದೇ ಭಾವ," ಹೆಂಡತಿಯ ತಮ್ಮ ಅಂದ. "ತಲೆಗೇರಿದ್ರೆ ಒಳ್ಳೇದು, ಇಲ್ಲಾಂದ್ರೆ ಕೆಟ್ಟದ್ದು."

ಉಳಿದವರೂ ತಲೆದೂಗಿದರು. ಸಾವಿನ ಮನೆಯಲ್ಲಿ ಬೇರೆ ಏನು ಹೇಳಿಯಾರು?

ಅವನು ಮಗಳ ಕಡೆ ಲೋಟ ಚಾಚಿದ. ಅವಳು ಗುಟುಕರಿಸಿ ಹಾಗೇ ವಾಪಸು ಕೊಟ್ಟಳು. "ನಂಗೆ ಗೊತ್ತಾಗಲ್ಲ ಅಪ್ಪ. ಒಂದಿನಾನೂ ನೀವಿಬ್ರೂ ನನ್ನನ್ನ ಕೇಳ್ಲಿಲ್ಲ. ನೀನೇ ಹೇಳು."

ಎಲ್ಲರೂ ಅವನ ಮುಖ ನೋಡುತ್ತಿದ್ದರು. ನಾಲಗೆ ಮರದ ಚೂರಿನ ಹಾಗೆ ಬಾಯಲ್ಲಿ ಬಿದ್ದಿತ್ತು.

"ಆಗಿದೆ," ಅಂದ. "ತುಂಬಿಸಿ."

ಹೆಗಲು ಕೊಟ್ಟವರೇ ಪ್ರತಿ ವರ್ಷ ಕೈಜೋಡಿಸುವವರು. ಕರಿ ಕೋಟುಗಳನ್ನು ಬಳ್ಳಿಯ ಕಂಬಗಳಿಗೆ ನೇತುಹಾಕಿ, ತೋಳು ಮಡಿಸಿ ಲಾರಿಯ ಎರಡೂ ಬದಿಗೆ ಸಾಲಾಗಿ ನಿಂತರು. ಒಬ್ಬ ಖಾಲಿ ಬಾಟಲಿ ಕೊಟ್ಟ, ಇನ್ನೊಬ್ಬ ತುಂಬಿದ್ದನ್ನು ಇಳಿಸಿಕೊಂಡ. ಬಿರಡೆ ಒತ್ತುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಪೆಟ್ಟಿಗೆಗಳು ಗೋಡೆಯೆತ್ತರ ಆದವು.

ಕೊನೆಯ ಬಾಟಲಿ ಅರ್ಧಕ್ಕೇ ನಿಂತಿತು. ಲಾರಿಯವನು ಯಂತ್ರ ಆರಿಸಿ ಅದನ್ನು ಅವನ ಕೈಗಿಟ್ಟ. "ಇದಕ್ಕೆ ಬಿರಡೆ ಹಾಕೋಕಾಗಲ್ಲ. ನೀವೇ ಇಟ್ಕೊಳ್ಳಿ."

ಅವನು ಬಾಟಲಿಯನ್ನೇ ಎತ್ತಿ ಕುಡಿದ.

ದವಡೆಯ ಬುಡದಲ್ಲಿ ಝುಮ್ಮೆಂದಿತು. ಹಸಿ ಸೇಬಿಗೆ ಹಲ್ಲಿಟ್ಟಂಥ ಹುಳಿ. ಕೆನ್ನೆಗಳು ಒಳಕ್ಕೆ ಸೆಳೆದುಕೊಂಡವು, ಒಂದು ಕಣ್ಣು ತಾನಾಗಿ ಮುಚ್ಚಿತು, ಬಾಯಿ ತುಂಬ ನೀರೂರಿತು.

"ಹೇಗಿದೆ ಅಪ್ಪ?" ಮಗಳು ಕೇಳಿದಳು.

ಅವನು ಬಾಯಲ್ಲೂರಿದ ನೀರು ನುಂಗಿದ. ಬೆನ್ನ ಹಿಂದೆ ಹೆಂಡತಿಯ ತಮ್ಮ ಕೊನೆಯ ಪೆಟ್ಟಿಗೆಗೆ ಟೇಪು ಎಳೆಯುತ್ತಿದ್ದ. ಇವನು ಕೈಯಲ್ಲಿದ್ದ ಬಾಟಲಿಯ ಬಾಯಿಗೆ ಹೆಬ್ಬೆರಳನ್ನು ಬಲವಾಗಿ ಒತ್ತಿಕೊಂಡು, ಉಗುರು ಬಿಳುಚಿದರೂ ತೆಗೆಯದೆ ಹಾಗೇ ನಿಂತಿದ್ದ.